ಸತ್ತ ನಕ್ಷತ್ರದ ಮೈಗೆ ಕಲ್ಲುಪುಡಿ ಮೆತ್ತಿದ್ದು ಹೇಗೆ?

2025ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಓಡಾಡಿತು. ನಮ್ಮಿಂದ 145 ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರವಿದೆ. ಅದು ಸತ್ತು 300 ಕೋಟಿ ವರ್ಷವಾಗಿದೆ. ಆದರೂ ಇವತ್ತಿಗೂ ಕಲ್ಲು ತಿನ್ನುತ್ತಿದೆಯಂತೆ. ಹವಾಯಿಯ ಕೆಕ್ ದೂರದರ್ಶಕದಿಂದ ಅದರ ಬೆಳಕನ್ನು ಬಿಡಿಸಿ ನೋಡಿದಾಗ ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾನ್, ಕ್ಯಾಲ್ಸಿಯಂ, ನಿಕ್ಕಲ್ ಎಲ್ಲ ಸೇರಿ 13 ಧಾತುಗಳು ಕಂಡವು. ಇಷ್ಟೊಂದು ಸಾಮಾನು ಅಲ್ಲಿಗೆ ಬರಬೇಕಾದರೆ ಕಡಿಮೆಯೆಂದರೂ 200 ಕಿಲೋಮೀಟರ್ ಅಗಲದ ಒಂದು ಬಂಡೆ ಅದರ ಹೊಟ್ಟೆ ಸೇರಿರಬೇಕು.

ಅದಕ್ಕೆ ಒಂದು ತಿಂಗಳ ಮುಂಚೆ ಇನ್ನೊಂದು ಸುದ್ದಿ ಬಂದಿತ್ತು. ಅದು 260 ಜ್ಯೋತಿರ್ವರ್ಷ ದೂರದ ಬೇರೆ ನಕ್ಷತ್ರದ ಕಥೆ. ಅಲ್ಲಿ ಬಿದ್ದದ್ದು ಒಣಕಲ್ಲಲ್ಲ. ಮೂರರಲ್ಲಿ ಎರಡು ಪಾಲಿನಷ್ಟು ಮಂಜುಗಡ್ಡೆ, ಪ್ಲೂಟೊ ಥರದ ಯಾವುದೋ ಕಾಯದ ಚೂರು ಅಂತ ಹೇಳಲಾಯಿತು.

ಎರಡನ್ನೂ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಸತ್ತದ್ದು ತಿನ್ನುವುದು ಹೇಗೆ? ನೂರಾರು ಜ್ಯೋತಿರ್ವರ್ಷ ದೂರದಿಂದ ಕಲ್ಲು ಯಾವುದು, ಮಂಜು ಯಾವುದು ಅಂತ ಗೊತ್ತಾಗುವುದು ಹೇಗೆ? ಸಾಲದ್ದಕ್ಕೆ ವರದಿಗಳಲ್ಲಿ 'ಮಾಲಿನ್ಯ' ಎಂಬ ಪದ ಬೇರೆ. ಈ ಪದ ಹೊಗೆಗೂ ಪ್ಲಾಸ್ಟಿಕ್ಕಿಗೂ ಸಂಬಂಧಪಟ್ಟದ್ದಲ್ಲ. ಇಂಥ ನಕ್ಷತ್ರದ ಮೇಲ್ಪದರದಲ್ಲಿ ಜಲಜನಕ ಅಥವಾ ಹೀಲಿಯಂ ಮಾತ್ರ ಇರಬೇಕು. ಬೇರೆ ಏನೇ ಕಂಡರೂ ಅದು ಕಲಬೆರಕೆ. ಖಗೋಳದವರು ಆ ಕಲಬೆರಕೆಗೆ ಒಟ್ಟಾಗಿ 'ಲೋಹ' ಅಂತ ಹೆಸರಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಆಮ್ಲಜನಕವೂ ಲೋಹವೇ. ರಸಾಯನಶಾಸ್ತ್ರದ ಮೇಷ್ಟ್ರು ಕೇಳಿಸಿಕೊಂಡರೆ ಬೆತ್ತ ಹುಡುಕಿಯಾರು.

ಸತ್ತ ನಕ್ಷತ್ರ ಅಂದರೆ ಯಾವುದು?

ಸೂರ್ಯನಂಥ ನಕ್ಷತ್ರ ಉರಿಯುವುದು ಒಡಲೊಳಗಿನ ಜಲಜನಕದಿಂದ. ಅದು ಹೀಲಿಯಂ ಆಗುವಾಗ ಶಕ್ತಿ ಹೊರಬರುತ್ತದೆ. ಆ ಶಕ್ತಿಯ ಒತ್ತಡವೇ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿಯದಂತೆ ಹಿಡಿದಿರುತ್ತದೆ. ನಡುವಿನ ಇಂಧನ ಮುಗಿದಾಗ ನಕ್ಷತ್ರ ಊದಿಕೊಳ್ಳುತ್ತದೆ, ಕೆಂಪು ದೈತ್ಯವಾಗುತ್ತದೆ. ಹೊರಪದರಗಳು ನಿಧಾನಕ್ಕೆ ಕಳಚಿ ಬಾಹ್ಯಾಕಾಶಕ್ಕೆ ಹಾರಿಹೋಗುತ್ತವೆ. ಕೊನೆಗೆ ಉಳಿಯುವುದು ಬಿಸಿಯಾದ ಒಂದು ತಿರುಳು. ಅದೇ ಬಿಳಿ ಕುಬ್ಜ.

ಹುಟ್ಟುವಾಗ ಸೂರ್ಯನ ಎಂಟು ಪಟ್ಟಿನವರೆಗೆ ತೂಕವಿದ್ದ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಹೀಗೇ ಕೊನೆಯಾಗುತ್ತವೆ. ನಮ್ಮ ಹಾಲುಹಾದಿಯ ಬಹುಪಾಲು ನಕ್ಷತ್ರಗಳ ಹಣೆಬರಹ ಇದು. ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುವ ಲುಬ್ಧಕದ ಪಕ್ಕದಲ್ಲೇ ಇಂಥದೊಂದು ಇದೆ. ಬರಿಗಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಬಿಳಿ ಕುಬ್ಜದಲ್ಲಿ ಹೊಸದಾಗಿ ಏನೂ ಉರಿಯುವುದಿಲ್ಲ. ಒಲೆ ಆರಿದ ಮೇಲೂ ಕಾವಲಿ ಬಿಸಿ ಇರುತ್ತದಲ್ಲ, ಹಾಗೆ ಕೋಟ್ಯಂತರ ವರ್ಷ ತಣ್ಣಗಾಗುತ್ತ ಕೂತಿರುತ್ತದೆ. 'ಸತ್ತ' ಎನ್ನುವುದು ಈ ಅರ್ಥದಲ್ಲಿ. ಆದರೆ ಅದರ ತೂಕ ಎಲ್ಲಿಗೂ ಹೋಗಿಲ್ಲ. ಸೂರ್ಯನ ಅರ್ಧಕ್ಕಿಂತ ಜಾಸ್ತಿ ದ್ರವ್ಯ ಭೂಮಿಯಷ್ಟು ಚಿಕ್ಕ ಉಂಡೆಯೊಳಗೆ ತುಂಬಿಕೊಂಡಿರುತ್ತದೆ. ಒಂದು ಟೀ ಚಮಚದಷ್ಟು ತೆಗೆದರೆ ಒಂದೆರಡು ಟನ್ ತೂಗುತ್ತದೆ. ಮೇಲ್ಮೈಯ ಗುರುತ್ವ ಭೂಮಿಯದರ ಸುಮಾರು ಒಂದು ಲಕ್ಷ ಪಟ್ಟು. ಇಲ್ಲಿನ ಒಂದು ಕಿಲೋ ಅಕ್ಕಿಯನ್ನು ಅಲ್ಲಿ ತೂಗಿದರೆ ತಕ್ಕಡಿ ನೂರು ಟನ್ ತೋರಿಸುತ್ತದೆ.

ಮುಂದಿನ ಕಥೆಯೆಲ್ಲ ಈ ಗುರುತ್ವದ ಮೇಲೆ ನಿಂತಿದೆ.

ಬಗ್ಗಡ ತಳಕ್ಕಿಳಿಯುವ ಲೆಕ್ಕ

ಮಳೆಗಾಲದ ಹೊಳೆನೀರನ್ನು ಬಿಂದಿಗೆಯಲ್ಲಿ ತುಂಬಿಟ್ಟರೆ ಏನಾಗುತ್ತದೆ? ಮರಳು ಮೊದಲು ತಳ ಸೇರುತ್ತದೆ, ಮಣ್ಣು ಆಮೇಲೆ. ಸ್ವಲ್ಪ ಹೊತ್ತಿಗೆ ಮೇಲೆ ತಿಳಿನೀರು. ಬಿಳಿ ಕುಬ್ಜದಲ್ಲೂ ಇದೇ ಆಗುತ್ತದೆ. ಭಾರವಾದ ಧಾತುಗಳು ಕೆಳಗಿಳಿಯುತ್ತವೆ. ಹಗುರವಾದ ಜಲಜನಕ, ಅದಿಲ್ಲದಿದ್ದರೆ ಹೀಲಿಯಂ, ಮೇಲೆ ಉಳಿಯುತ್ತದೆ.

ಇಳಿಯುವುದಕ್ಕೆ ಎಷ್ಟು ಕಾಲ ಬೇಕು? ಮೇಲ್ಪದರದಲ್ಲಿ ಜಲಜನಕವಿರುವ ಬಿಸಿ ಕುಬ್ಜಗಳಲ್ಲಿ ಕೆಲವು ದಿನಗಳಿಂದ ಕೆಲವು ವರ್ಷ ಸಾಕು. ತಣ್ಣಗಾದವುಗಳಲ್ಲಿ ಸಾವಿರಾರು ವರ್ಷ ಹಿಡಿಯುತ್ತದೆ. ಹೀಲಿಯಂ ಪದರವಿರುವವುಗಳಲ್ಲಿ ಹತ್ತು ಲಕ್ಷ ವರ್ಷದವರೆಗೂ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಜಾಸ್ತಿಯೂ ಆಗಬಹುದು. ನಮಗೆ ಇದು ಯುಗಗಳ ಲೆಕ್ಕ. ನೂರು ಕೋಟಿ, ಮುನ್ನೂರು ಕೋಟಿ ವರ್ಷ ವಯಸ್ಸಾದ ನಕ್ಷತ್ರಕ್ಕೆ ಕಣ್ಣು ಮಿಟುಕಿಸುವ ಹೊತ್ತು.

ಹಾಗಾದರೆ ತೀರ್ಮಾನ ತಾನಾಗೇ ಬರುತ್ತದೆ. ದಿನಾ ಬೆಳಿಗ್ಗೆ ಗುಡಿಸುವ ಅಂಗಳದಲ್ಲಿ ಮಧ್ಯಾಹ್ನ ಕಸ ಕಂಡರೆ ಅದು ಬೆಳಿಗ್ಗೆಯ ನಂತರ ಬಿದ್ದದ್ದು. ಬಿಳಿ ಕುಬ್ಜದ ಮೈಮೇಲೆ ಕ್ಯಾಲ್ಸಿಯಂ ಕಂಡರೆ ಅದು ನಕ್ಷತ್ರ ಹುಟ್ಟುವಾಗ ಇದ್ದದ್ದಲ್ಲ. ಅದೆಲ್ಲ ಎಂದೋ ತಳ ಸೇರಿದೆ. ಇದು ಹೊರಗಿನಿಂದ, ಮೊನ್ನೆ ಮೊನ್ನೆ ಬಿದ್ದದ್ದು.

ಎಷ್ಟು ಕುಬ್ಜಗಳಲ್ಲಿ ಹೀಗೆ ಕಸ ಕಾಣುತ್ತದೆ? ಕಾಲು ಭಾಗದಿಂದ ಅರ್ಧದವರೆಗೆ. ಎಲ್ಲೋ ಒಂದೆರಡು ಕಡೆ ಕಂಡಿದ್ದರೆ ಆಕಸ್ಮಿಕ ಅಂದು ಸುಮ್ನೆ ಇರಬಹುದಿತ್ತು. ಅರ್ಧಕ್ಕರ್ಧ ಅಂಗಳದಲ್ಲಿ ಕಸ ಬಿದ್ದಿದೆ ಅಂದರೆ ಹತ್ತಿರದಲ್ಲೇ ಯಾವುದೋ ಮರ ಎಲೆ ಉದುರಿಸುತ್ತಿದೆ ಅಂತಲೇ ಅರ್ಥ, ಅಲ್ವಾ?

ನೂರು ವರ್ಷ ಡ್ರಾಯರಿನಲ್ಲಿದ್ದ ಸುಳಿವು

1917ರಲ್ಲಿ ಏಡ್ರಿಯನ್ ವಾನ್ ಮಾನೆನ್ ಎಂಬ ಖಗೋಳಜ್ಞರು ಮೀನ ರಾಶಿಯ ದಿಕ್ಕಿನಲ್ಲಿ ಬಿರುಸಾಗಿ ಸರಿಯುವ ಒಂದು ಮಂಕು ನಕ್ಷತ್ರವನ್ನು ಗುರುತಿಸಿದರು. ದೂರ ಸುಮಾರು 14 ಜ್ಯೋತಿರ್ವರ್ಷ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ವಾಲ್ಟರ್ ಆಡಮ್ಸ್ ಅದರ ರೋಹಿತವನ್ನು, ಅಂದರೆ ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕನ್ನು, ಗಾಜಿನ ಫಲಕದ ಮೇಲೆ ಹಿಡಿದರು. ಫಲಕದಲ್ಲಿ ಕ್ಯಾಲ್ಸಿಯಂನ ಗೆರೆಗಳು ಇದ್ದವು. ಸೂರ್ಯನಿಗಿಂತ ಸ್ವಲ್ಪ ಬಿಸಿಯಾದ ಸಾಧಾರಣ ನಕ್ಷತ್ರ ಇರಬೇಕು ಅಂದುಕೊಂಡು ಫಲಕವನ್ನು ಎತ್ತಿಟ್ಟರು. ಅವರ ತಪ್ಪೇನೂ ಇಲ್ಲ. ಆಗ ಬಿಳಿ ಕುಬ್ಜ ಅಂದರೇನು ಅಂತಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಸುಮಾರು ನೂರು ವರ್ಷದ ನಂತರ, ಇನ್ನೊಬ್ಬ ಸಂಶೋಧಕರು ಕೇಳಿದರು ಅಂತ ಕಾರ್ನೆಗಿ ವೀಕ್ಷಣಾಲಯದ ಸಂಗ್ರಹದಿಂದ ಆ ಫಲಕವನ್ನು ಹೊರತೆಗೆದರು. ಬೇರೆ ಸೂರ್ಯನ ಗ್ರಹವ್ಯವಸ್ಥೆಗೆ ಮನುಷ್ಯರ ಕೈಗೆ ಸಿಕ್ಕ ಮೊದಲ ಸಾಕ್ಷಿ ಅದೇ. ಅದು ಸಾಕ್ಷಿ ಎಂದು ಗೊತ್ತಾಗುವ ಹೊತ್ತಿಗೆ ಬೇರೆ ದಾರಿಗಳಿಂದ ಸಾವಿರಾರು ಅನ್ಯಗ್ರಹಗಳು ಪತ್ತೆಯಾಗಿ ಆಗಿತ್ತು.

ನಡುವಿನ ದಶಕಗಳಲ್ಲಿ ಈ ಲೋಹಗಳಿಗೆ ಬೇರೆಯೇ ವಿವರಣೆ ಚಾಲ್ತಿಯಲ್ಲಿತ್ತು. ನಕ್ಷತ್ರಗಳ ನಡುವೆ ತೆಳುವಾದ ಅನಿಲ ಮತ್ತು ಧೂಳಿನ ಮೋಡಗಳಿವೆ. ಕುಬ್ಜ ಅದರೊಳಗೆ ಹಾದುಹೋಗುವಾಗ ಮೈಗೆ ಧೂಳು ಮೆತ್ತಿಕೊಳ್ಳುತ್ತದೆ ಅಂತ. ಕೇಳಲು ಸರಿಯೆನಿಸುತ್ತದೆ. ಆದರೆ ಆ ಮೋಡಗಳಲ್ಲಿ ಬಹುಪಾಲು ಇರುವುದು ಜಲಜನಕ. ಹೀಲಿಯಂ ಕುಬ್ಜವೊಂದು ಅದರೊಳಗೆ ಹಾದರೆ ಜಲಜನಕವೂ ಮೈಗೆ ಹತ್ತಬೇಕು. ಅದು ಎಲ್ಲಕ್ಕಿಂತ ಹಗುರವಾದ್ದರಿಂದ ತಳಕ್ಕೆ ಇಳಿಯುವುದೇ ಇಲ್ಲ, ಮೇಲೆಯೇ ತೇಲಿಕೊಂಡು ಉಳಿಯಬೇಕು. ಹುಡುಕಿದರೆ ಅಷ್ಟು ಜಲಜನಕ ಸಿಗಲಿಲ್ಲ. ಕೊಳೆಯಾದ ಕುಬ್ಜಗಳು ಮೋಡಗಳ ಆಸುಪಾಸಿನಲ್ಲೇ ಇವೆಯೇ ಅಂದರೆ ಅದೂ ಇಲ್ಲ. ಹಾಗಾಗಿ ಆ ವಾದ ಬಿದ್ದುಹೋಯಿತು.

ಧೂಳಿನ ಕಾವು ಕೊಟ್ಟ ಉತ್ತರ

1987ರಲ್ಲಿ ಬೆನ್ ಝುಕರ್‌ಮನ್ ಮತ್ತು ಎರಿಕ್ ಬೆಕ್ಲಿನ್ ಜಿ29-38 ಎಂಬ ಕುಬ್ಜದಲ್ಲಿ ಒಂದು ವಿಚಿತ್ರ ಕಂಡರು. ಅದರ ಅವಗೆಂಪು ಬೆಳಕು, ಅಂದರೆ ಕಾವಿನ ಬೆಳಕು, ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಪಕ್ಕದಲ್ಲಿ ಮಂಕಾದ ಜೊತೆಗಾರ ಯಾರೋ ಇದ್ದಾರೆ ಎಂಬ ಅನುಮಾನ ಮೊದಲು ಬಂತು. ಆಮೇಲೆ ನೋಡಿದರೆ ಅದು ಧೂಳು. ನಕ್ಷತ್ರಕ್ಕೆ ತೀರಾ ಹತ್ತಿರದಲ್ಲಿ ಸುತ್ತುತ್ತ ಕಾದ ಧೂಳು.

2003ರಲ್ಲಿ ಮೈಕೆಲ್ ಜುರಾ ಎಲ್ಲ ಸುಳಿವುಗಳನ್ನು ಒಂದೇ ದಾರದಲ್ಲಿ ಪೋಣಿಸಿದರು. ಯಾವುದೋ ಕ್ಷುದ್ರಗ್ರಹ ದಾರಿತಪ್ಪಿ ಕುಬ್ಜದ ಹತ್ತಿರ ಬಂದಿದೆ. ಗುರುತ್ವ ಅದನ್ನು ಸೀಳಿ ಹಾಕಿದೆ. ಚೂರುಗಳು ಪುಡಿಯಾಗಿ ತಟ್ಟೆಯಂತೆ ಸುತ್ತುತ್ತಿವೆ. ಆ ತಟ್ಟೆಯಿಂದ ಪುಡಿ ನಿಧಾನಕ್ಕೆ ನಕ್ಷತ್ರದ ಮೇಲೆ ಸುರಿಯುತ್ತಿದೆ. ಸ್ಪಿಟ್ಜರ್ ದೂರದರ್ಶಕ ಅದೇ ಧೂಳಿನಲ್ಲಿ ಸಿಲಿಕೇಟ್ ಗುರುತು ಕಂಡಿತು. ಸಿಲಿಕೇಟ್ ಅಂದರೆ ನಮ್ಮ ಊರ ಬಂಡೆಗಳಲ್ಲಿರುವ ವಸ್ತುವೇ.

ಇದೆಲ್ಲ ಪರೋಕ್ಷ ಸಾಕ್ಷಿ ಅಂತ ತಕರಾರು ಮಾಡುವವರಿಗೆ 2015ರಲ್ಲಿ ಉತ್ತರ ಸಿಕ್ಕಿತು. ಕೆಪ್ಲರ್ ದೂರದರ್ಶಕ ನೋಡುತ್ತಿದ್ದ ಡಬ್ಲ್ಯುಡಿ 1145+017 ಎಂಬ ಕುಬ್ಜದ ಬೆಳಕು ಸುಮಾರು ನಾಲ್ಕೂವರೆ ಗಂಟೆಗೊಮ್ಮೆ ಕುಂದುತ್ತಿತ್ತು. ಕೆಲವೊಮ್ಮೆ 40 ಶೇಕಡಾದಷ್ಟು. ಗ್ರಹ ಅಡ್ಡ ಬಂದರೆ ಬೆಳಕು ಪ್ರತಿ ಸಲವೂ ಒಂದೇ ಅಳತೆಯಲ್ಲಿ ಕುಂದಬೇಕು. ಇಲ್ಲಿ ಒಂದು ಸಲ ಒಂದು ಥರ. ಒಡೆಯುತ್ತಿರುವ ಬಂಡೆ ಧೂಳಿನ ಬಾಲ ಎಳೆದುಕೊಂಡು ನಕ್ಷತ್ರದ ಮುಂದೆ ಹಾದುಹೋಗುತ್ತಿತ್ತು. 2023ರ ಹೊತ್ತಿಗೆ ಈ ಆಟ ಬಹುತೇಕ ನಿಂತೇ ಹೋಯಿತು. ಖಗೋಳದಲ್ಲಿ ಇಷ್ಟು ಬೇಗ ಮುಗಿಯುವ ಘಟನೆ ನೋಡಸಿಗುವುದು ಅಪರೂಪ.

ಇನ್ನೂ ಒಂದು ಕೊಂಡಿ ಬಾಕಿಯಿತ್ತು. ಪುಡಿ ನಿಜಕ್ಕೂ ಈಗಲೇ ಬೀಳುತ್ತಿದೆಯೇ? ಬೀಳುವಾಗ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್. ಅಷ್ಟು ವೇಗದಲ್ಲಿ ಅಪ್ಪಳಿಸಿದರೆ ಲಕ್ಷಾಂತರ ಡಿಗ್ರಿ ಕಾವು ಹುಟ್ಟಿ ಕ್ಷಕಿರಣ ಹೊಮ್ಮಬೇಕು. 2022ರಲ್ಲಿ ಚಂದ್ರ ದೂರದರ್ಶಕದ ಮಾಹಿತಿಯಿಂದ ಅದೇ ಜಿ29-38ರಲ್ಲಿ ಆ ಕ್ಷಕಿರಣ ಪತ್ತೆಯಾಯಿತು. ಈ ದೂರದರ್ಶಕಕ್ಕೆ ಹೆಸರು ಬಂದದ್ದು ಬಿಳಿ ಕುಬ್ಜಗಳ ತೂಕದ ಮಿತಿಯನ್ನು ಲೆಕ್ಕ ಹಾಕಿದ ಎಸ್. ಚಂದ್ರಶೇಖರ್ ಅವರಿಂದ. ಹೆಸರಿಟ್ಟದ್ದು ಸಾರ್ಥಕವಾಯಿತು.

ಸೀಳುವ ಗೆರೆ

ಕ್ಷುದ್ರಗ್ರಹ ಇಡಿಯಾಗಿ ಹೋಗಿ ಬೀಳುವುದಿಲ್ಲವೇಕೆ? ನಕ್ಷತ್ರದ ಎಳೆತ ಬಂಡೆಯ ಹತ್ತಿರದ ಬದಿಗೆ ಜಾಸ್ತಿ, ಆಚೆ ಬದಿಗೆ ಕಡಿಮೆ. ದೂರದಲ್ಲಿದ್ದಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹತ್ತಿರ ಬಂದಂತೆ ಅದು ಬೆಳೆಯುತ್ತದೆ. ಒಂದು ಗೆರೆ ದಾಟಿದ ಮೇಲೆ ಬಂಡೆ ತನ್ನನ್ನು ತಾನು ಹಿಡಿದುಕೊಂಡಿರುವ ಬಲಕ್ಕಿಂತ ಈ ಸೀಳುವ ಬಲವೇ ಮೇಲಾಗುತ್ತದೆ. ಬಂಡೆ ಬಿಚ್ಚಿಹೋಗುತ್ತದೆ. 1992ರಲ್ಲಿ ಗುರುಗ್ರಹದ ತೀರಾ ಹತ್ತಿರ ಹಾದ ಶೂಮೇಕರ್-ಲೆವಿ 9 ಧೂಮಕೇತು ಹೀಗೇ ತುಂಡಾಗಿತ್ತು. ಅದರ ತುಂಡುಗಳು ಎರಡು ವರ್ಷದ ನಂತರ ಸಾಲಾಗಿ ಗುರುವಿನ ಮೇಲೆ ಬಿದ್ದವು.

ಬಿಳಿ ಕುಬ್ಜಕ್ಕೆ ಈ ಗೆರೆ ಸುಮಾರು 7 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅಂದರೆ ಹತ್ತಿರ ಹತ್ತಿರ ಸೂರ್ಯನ ತ್ರಿಜ್ಯದಷ್ಟು. ನಕ್ಷತ್ರ ಬದುಕಿದ್ದಾಗ ಅದರ ಸ್ವಂತ ಮೈಯೇ ಆ ಜಾಗದಲ್ಲಿತ್ತು. ಬಂದ ಬಂಡೆ ನೇರ ಬೆಂಕಿಗೆ ಬೀಳುತ್ತಿತ್ತು. ಸತ್ತು ಕುಗ್ಗಿದ ಮೇಲೆ ಜಾಗ ಖಾಲಿಯಾಗಿದೆ. ಅಲ್ಲೀಗ ಸೀಳುವ ಕೆಲಸ ಸಲೀಸಾಗಿ ನಡೆಯುತ್ತದೆ.

ಸೀಳಿದ ಪುಡಿ ಒಳಗೆ ಇಳಿಯುವುದು ಹೇಗೆ ಎಂಬುದರಲ್ಲಿ ಇನ್ನೂ ಜಗಳವಿದೆ. ನಕ್ಷತ್ರದ ಬೆಳಕು ಧೂಳಿನ ಕಣಕ್ಕೆ ಬಡಿಯುತ್ತಿದ್ದರೆ ಕಣದ ವೇಗ ಇಷ್ಟಿಷ್ಟೇ ಕುಂದಿ ಅದು ಸುರುಳಿಯಾಗಿ ಒಳಕ್ಕೆ ಜಾರುತ್ತದೆ. ಇದು ಸೆಕೆಂಡಿಗೆ ನೂರು ಟನ್ನಿನ ಆಸುಪಾಸಿನ ಸುರಿತವನ್ನು ವಿವರಿಸುತ್ತದೆ. ಕೆಲವು ಕುಬ್ಜಗಳಲ್ಲಿ ಸುರಿತ ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಧೂಳಿನ ಜೊತೆ ಅನಿಲವೂ ಇದ್ದು ಅದು ಧೂಳನ್ನು ತಡೆದು ಎಳೆಯುತ್ತಿರಬೇಕು ಎಂಬುದು ಇನ್ನೊಂದು ವಾದ. ಅನಿಲದ ತಟ್ಟೆಗಳೂ ಕೆಲವು ಕಡೆ ಕಂಡಿವೆ. ಹೀಗಾಗಿ ಎರಡೂ ನಡೆಯುತ್ತಿರಬಹುದು. ಪುಡಿ ಎಲ್ಲ ಕಡೆ ಸಮನಾಗಿ ಬೀಳಬೇಕೆಂದೂ ಇಲ್ಲ. 2024ರಲ್ಲಿ ಚಿಲಿಯ ವಿಎಲ್‌ಟಿ ದೂರದರ್ಶಕದಿಂದ ನೋಡಿದ ಒಂದು ಕುಬ್ಜದಲ್ಲಿ ಲೋಹವೆಲ್ಲ ಕಾಂತಕ್ಷೇತ್ರದ ಜಾಡು ಹಿಡಿದು ಒಂದೇ ಕಡೆ ಬಿದ್ದು ಗಾಯದ ಕಲೆಯಂತೆ ಕೂತಿತ್ತು.

ಕಲ್ಲೆಸೆಯುವವರು ಯಾರು?

ಇದೇ ಈ ವಿಷಯದ ಗಟ್ಟಿ ಗಂಟು. ಸುದ್ದಿಗಳು ಇದನ್ನೇ ಹಾರಿಸಿ ಮುಂದೆ ಹೋಗುತ್ತವೆ. ನಕ್ಷತ್ರಕ್ಕೆ ಭಾರೀ ಗುರುತ್ವ ಇದೆ, ಹಾಗಾಗಿ ಹತ್ತಿರದ್ದನ್ನೆಲ್ಲ ಎಳೆದುಕೊಳ್ಳುತ್ತದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ.

ಕುಬ್ಜದ ಮೇಲ್ಮೈಯಲ್ಲಿ ನಿಂತರೆ ಮಾತ್ರ ಆ ಒಂದು ಲಕ್ಷ ಪಟ್ಟಿನ ಎಳೆತ. ದೂರದಿಂದ ನೋಡುವ ಕ್ಷುದ್ರಗ್ರಹಕ್ಕೆ ನಕ್ಷತ್ರ ಮುಂಚೆಗಿಂತ ಹಗುರವಾಗಿದೆ, ಏಕೆಂದರೆ ಅರ್ಧದಷ್ಟು ತೂಕ ಕಳಚಿ ಹೋಗಿದೆ. ಹಿಡಿತ ಸಡಿಲವಾದ್ದರಿಂದ ಕಕ್ಷೆಗಳು ಹಿಗ್ಗುತ್ತವೆ. ತೂಕ ಅರ್ಧವಾದರೆ ಕಕ್ಷೆ ಎರಡು ಪಟ್ಟಾಗುತ್ತದೆ. ಅಂದರೆ ನಕ್ಷತ್ರ ಸತ್ತಾಗ ಕ್ಷುದ್ರಗ್ರಹಗಳು ಇನ್ನೂ ದೂರ ಹೋಗುತ್ತವೆ! 45 ಕೋಟಿ ಕಿಲೋಮೀಟರ್ ದೂರದಲ್ಲಿದ್ದದ್ದು 90 ಕೋಟಿಗೆ ಹೋಗಿ ನಿಲ್ಲುತ್ತದೆ. ಹತ್ತಿರದಲ್ಲಿ ಇದ್ದವನ್ನು ಕೆಂಪು ದೈತ್ಯ ಆಗಲೇ ನುಂಗಿ ಆಗಿದೆ. ಈಗ 90 ಕೋಟಿ ಕಿಲೋಮೀಟರ್ ಆಚೆಯಿಂದ ಹೊರಟ ಬಂಡೆ 7 ಲಕ್ಷ ಕಿಲೋಮೀಟರಿನ ಗೆರೆಯೊಳಗೆ ಬರಬೇಕು. ಗುರಿ ದೂರದ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದು. ಬಂಡೆಯ ಅಡ್ಡ ಓಟವನ್ನು ಯಾರಾದರೂ ಹೆಚ್ಚುಕಡಿಮೆ ಪೂರ್ತಿ ತಡೆದು ಒಳಕ್ಕೆ ತಿರುಗಿಸದೆ ಇದು ಆಗುವ ಕೆಲಸವಲ್ಲ.

ಆ ತಿರುಗಿಸುವವರ ಪಟ್ಟಿಯಲ್ಲಿ ಮೊದಲ ಹೆಸರು ಉಳಿದ ಗ್ರಹಗಳದ್ದು. ನಕ್ಷತ್ರ ಅರ್ಧ ತೂಕ ಕಳೆದುಕೊಂಡಿತು, ಗ್ರಹ ಕಳೆದುಕೊಳ್ಳಲಿಲ್ಲ. ಆದ್ದರಿಂದ ನಕ್ಷತ್ರದ ಎದುರು ಗ್ರಹದ ಮಾತಿಗೆ ಈಗ ಎರಡು ಪಟ್ಟು ಬೆಲೆ. ನಮ್ಮ ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಕೆಲವು ಜಾಗಗಳು ಖಾಲಿ ಇವೆ. ಉದಾಹರಣೆಗೆ, ಗುರು ಒಂದು ಸುತ್ತು ಹಾಕುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಹಾಕುವ ಜಾಗ. ಅಲ್ಲಿದ್ದ ಬಂಡೆಗೆ ಗುರು ಪ್ರತಿ ಸಲ ಒಂದೇ ತಾಳದಲ್ಲಿ ತಳ್ಳು ಕೊಡುತ್ತದೆ. ಉಯ್ಯಾಲೆಗೆ ಹದವರಿತು ತಳ್ಳಿದರೆ ಜೀಕು ಏರುವಂತೆ ಅದರ ಕಕ್ಷೆ ಉದ್ದಕ್ಕೆ ಎಳೆದುಕೊಂಡು ಕೊನೆಗೆ ಆ ಜಾಗವನ್ನೇ ಬಿಟ್ಟು ಓಡುತ್ತದೆ. ನಕ್ಷತ್ರ ಹಗುರವಾದಾಗ ಈ ಖಾಲಿ ಜಾಗಗಳ ಅಂಚು ಅಗಲವಾಗುತ್ತದೆ. ನಿನ್ನೆಯವರೆಗೆ ಅಂಚಿನ ಆಚೆ ಕ್ಷೇಮವಾಗಿದ್ದ ಬಂಡೆ ಇವತ್ತು ಅಂಚಿನ ಒಳಗೆ. ಅದು ಕದಲುತ್ತದೆ. ಹೀಗೆ ಕದಲಿದವುಗಳಲ್ಲಿ ಕೆಲವು ನಕ್ಷತ್ರದ ಕಡೆಗೆ ತಿರುಗುತ್ತವೆ. 2002ರಲ್ಲಿ ಜಾನ್ ಡೆಬೆಸ್ ಮತ್ತು ಸ್ಟೈನ್ ಸಿಗುರ್ಡ್‌ಸನ್ ತೂಕ ಕಳೆದುಕೊಂಡ ನಕ್ಷತ್ರದ ಸುತ್ತ ಗ್ರಹಗಳೇ ಒಂದನ್ನೊಂದು ಕೆಣಕಿ ಎಲ್ಲವನ್ನೂ ಕದಡುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದ್ದರು.

ಇನ್ನೊಂದು ಗುಂಪಿನವರು ಜೊತೆ ನಕ್ಷತ್ರದ ಕಡೆ ಬೆರಳು ತೋರಿಸುತ್ತಾರೆ. ಎಷ್ಟೋ ಕುಬ್ಜಗಳಿಗೆ ಬಲು ದೂರದಲ್ಲಿ ಒಬ್ಬ ಜೊತೆಗಾರ ಇರುತ್ತಾನೆ. ಹಾಲುಹಾದಿಯ ಎಳೆತಕ್ಕೆ ಸಿಕ್ಕಿ ಆ ಜೊತೆಗಾರನ ಕಕ್ಷೆ ಬದಲಾಗುತ್ತ, ಎಂದೋ ಒಂದು ದಿನ ಹತ್ತಿರ ಬಂದು ಎಲ್ಲವನ್ನೂ ಕಲಕಬಹುದು. ವಾದ ಚೆನ್ನಾಗಿದೆ. ಆದರೆ ಹಾಗಿದ್ದರೆ ಜೊತೆಗಾರ ಇರುವ ಕುಬ್ಜಗಳಲ್ಲಿ ಕೊಳೆ ಜಾಸ್ತಿ ಕಾಣಬೇಕಿತ್ತು, ಒಂಟಿ ಕುಬ್ಜಗಳಲ್ಲಿ ಕಡಿಮೆ. ಅಂಥ ವ್ಯತ್ಯಾಸ ಕಂಡಿಲ್ಲ.

ಮೂರನೆಯದು ಧೂಮಕೇತುಗಳು. ವ್ಯವಸ್ಥೆಯ ಹೊರ ಅಂಚಿನಲ್ಲಿ ಕಾಯುತ್ತಿರುವ ಮಂಜಿನ ಉಂಡೆಗಳನ್ನು ಹಾಲುಹಾದಿಯ ಎಳೆತವೇ ಒಳಕ್ಕೆ ತಳ್ಳಬಹುದು. ಇದಕ್ಕೆ ಗ್ರಹದ ಹಂಗೇ ಇಲ್ಲ. ಆದರೆ ಹೆಚ್ಚಿನ ಕುಬ್ಜಗಳ ಮೇಲೆ ಕಾಣುವುದು ಒಣಕಲ್ಲು, ಮಂಜಲ್ಲ. ಕೆಲವು ಕಡೆ ಧೂಮಕೇತು ಬಿದ್ದಿರಬಹುದು, ಎಲ್ಲ ಕಡೆ ಅದೇ ಅನ್ನಲು ಬರುವುದಿಲ್ಲ.

ಗ್ರಹಗಳೇ ಮುಖ್ಯ ಆರೋಪಿ ಎಂಬ ಕಡೆಗೆ ತಕ್ಕಡಿ ವಾಲಿದೆ. ಅದಕ್ಕೆ ಬೆಂಬಲವೂ ಸಿಗುತ್ತಿದೆ. 2020ರಲ್ಲಿ ಡಬ್ಲ್ಯುಡಿ 1856+534 ಎಂಬ ಕುಬ್ಜವನ್ನು ಗುರುವಿನಷ್ಟು ದೊಡ್ಡ ಕಾಯವೊಂದು ಒಂದೂವರೆ ದಿನದೊಳಗೆ ಸುತ್ತುವುದು ಕಂಡಿತು. ನಕ್ಷತ್ರ ಸತ್ತರೂ ಗ್ರಹ ಬದುಕುತ್ತದೆ ಅಂತಾಯಿತು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇನ್ನೆರಡು ಕುಬ್ಜಗಳ ಬಳಿ ಗುರುವಿನಂಥ ಗ್ರಹ ಇರಬಹುದಾದ ಚಿತ್ರ ತೆಗೆಯಿತು. ಆ ಎರಡೂ ಕುಬ್ಜಗಳ ಮೈಮೇಲೆ ಲೋಹದ ಕೊಳೆ ಇದೆ. ಎರಡೇ ಉದಾಹರಣೆ ಇಟ್ಟುಕೊಂಡು ನಿಯಮ ಮಾಡಲಾಗದು, ಮೇಲಾಗಿ ಅವು ಗ್ರಹ ಹೌದೋ ಅಲ್ಲವೋ ಇನ್ನೂ ಖಚಿತವಾಗಬೇಕು. ಆದರೂ ಗಮನಿಸಬೇಕಾದ ಸಂಗತಿ.

300 ಕೋಟಿ ವರ್ಷದ ತೊಡಕು

ಅಕ್ಟೋಬರ್ ಸುದ್ದಿ ಯಾಕೆ ದೊಡ್ಡದು ಎಂಬುದು ಈಗ ಗೊತ್ತಾಗುತ್ತದೆ. ಮೇಲೆ ಹೇಳಿದ ಗ್ರಹಗಳ ಕದಡಾಟ ನಕ್ಷತ್ರ ಸತ್ತ ಹೊಸದರಲ್ಲಿ ಜೋರಾಗಿರಬೇಕು. ಕದಲಬೇಕಾದ ಬಂಡೆಗಳು ಮೊದಲ ಕೆಲವು ಕೋಟಿ ವರ್ಷಗಳಲ್ಲೇ ಕದಲಿ ಮುಗಿದಿರಬೇಕು. ಮರವನ್ನು ಒಮ್ಮೆ ಅಲುಗಾಡಿಸಿದರೆ ಹಣ್ಣೆಲೆಗಳು ಆಗಲೇ ಉದುರುತ್ತವೆ, ಸಂಜೆಯವರೆಗೂ ಉದುರುತ್ತಾ ಇರುವುದಿಲ್ಲ. ಆದರೆ ಅಕ್ಟೋಬರ್ ಸುದ್ದಿಯ ಕುಬ್ಜ ಎಲ್‌ಎಸ್‌ಪಿಎಂ ಜೆ0207+3331ರಲ್ಲಿ 300 ಕೋಟಿ ವರ್ಷದ ನಂತರವೂ ಎಲೆ ಬೀಳುತ್ತಿದೆ. ಅದರ ಮೇಲ್ಪದರ ಜಲಜನಕದ್ದು, ಅಂದರೆ ಕೊಳೆ ಅಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. 200 ಕಿಲೋಮೀಟರಿನ ಬಂಡೆ ಬಿದ್ದದ್ದು ತೀರಾ ಇತ್ತೀಚೆಗೆ.

ಹಳೆಯ ಕುಬ್ಜಗಳನ್ನು ಒಟ್ಟಾಗಿ ನೋಡಿದ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. 2018ರ ಒಂದು ವಿಶ್ಲೇಷಣೆ, ವಯಸ್ಸಾದಂತೆ ಕೊಳೆ ನಿಧಾನಕ್ಕೆ ಕಡಿಮೆಯಾಗುತ್ತದೆ ಎಂದಿತು. 2022ರ ಇನ್ನೊಂದು, ಹಾಗೆ ಗಟ್ಟಿಯಾಗಿ ಹೇಳುವಷ್ಟು ಇಳಿಕೆ ಕಾಣುತ್ತಿಲ್ಲ ಎಂದಿತು. ಎರಡನೆಯದು ಸರಿಯಾದರೆ ಬಂಡೆಗಳನ್ನು ಕೂಡಲೇ ಖಾಲಿ ಮಾಡದೆ ನೂರಾರು ಕೋಟಿ ವರ್ಷ ಇಷ್ಟಿಷ್ಟೇ ಹೊರಹಾಕುವ ಏರ್ಪಾಡು ಅಲ್ಲಿ ಇರಬೇಕು. ಗುರುವಿನಂಥ ದೈತ್ಯ ಗ್ರಹಕ್ಕಿಂತ ಚಿಕ್ಕ ಗ್ರಹಗಳು ಈ ಕೆಲಸಕ್ಕೆ ಹೊಂದುತ್ತವೆ. ಅವುಗಳ ತಳ್ಳು ಮೆಲ್ಲಗೆ. ದೈತ್ಯ ಒಮ್ಮೆಲೇ ಸಂತೆ ಎಬ್ಬಿಸಿ ಮುಗಿಸುತ್ತದೆ. ಇಲ್ಲವಾದರೆ ಮುನ್ನೂರು ಕೋಟಿ ವರ್ಷ ತೆಪ್ಪಗಿದ್ದ ಗ್ರಹಗಳ ನಡುವೆ ಇತ್ತೀಚೆಗೆ ಹೊಸದಾಗಿ ಜಗಳ ಎದ್ದಿರಬೇಕು. ಆ ಕುಬ್ಜದ ಸುತ್ತಲಿನ ಧೂಳಿನ ತಟ್ಟೆಯನ್ನು 2019ರಲ್ಲಿ ಮೊದಲು ಗುರುತಿಸಿದ್ದು ನಾಗರಿಕ ವಿಜ್ಞಾನ ಯೋಜನೆಯೊಂದರಲ್ಲಿ ಮನೆಯಲ್ಲಿ ಕೂತು ಚಿತ್ರ ಹುಡುಕುತ್ತಿದ್ದ ಹವ್ಯಾಸಿಯೊಬ್ಬರು ಎಂಬುದನ್ನೂ ಇಲ್ಲಿ ಹೇಳಬೇಕು.

ಕಸದ ಬುಟ್ಟಿಯಿಂದ ಅಡುಗೆ ಊಹಿಸುವುದು

ಇಷ್ಟೆಲ್ಲ ಕಷ್ಟಪಡುವುದು ಯಾಕೆ ಅಂದರೆ, ಬೇರೆ ಸೂರ್ಯನ ಗ್ರಹವನ್ನು ಒಡೆದು ಒಳಗೇನಿದೆ ಅಂತ ನೋಡಲು ನಮಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಾಮೂಲಿ ಅನ್ಯಗ್ರಹದ ಗಾತ್ರ, ತೂಕ ಗೊತ್ತಾಗುತ್ತದೆ. ಅದರ ಹೊಟ್ಟೆಯಲ್ಲಿ ಕಬ್ಬಿಣ ಎಷ್ಟು, ಕಲ್ಲೆಷ್ಟು ಎಂದು ನೇರವಾಗಿ ತಿಳಿಯುವುದಿಲ್ಲ. ಇಲ್ಲಿ ನಕ್ಷತ್ರವೇ ಬಂಡೆಯನ್ನು ಅರೆದು ಪುಡಿ ಮಾಡಿ ತನ್ನ ಮೈಮೇಲೆ ಹರಡಿ ತೋರಿಸುತ್ತಿದೆ.

2013ರಲ್ಲಿ ಜಿಡಿ 61 ಎಂಬ ಕುಬ್ಜದಲ್ಲಿ ಆಮ್ಲಜನಕ ಲೆಕ್ಕಕ್ಕಿಂತ ಜಾಸ್ತಿ ಇತ್ತು. ಕಲ್ಲಿನಲ್ಲಿ ಆಮ್ಲಜನಕ ಸಿಲಿಕಾನ್, ಮೆಗ್ನೀಸಿಯಂ, ಕಬ್ಬಿಣದ ಜೊತೆ ಸೇರಿಕೊಂಡಿರುತ್ತದೆ. ಅವಕ್ಕೆಲ್ಲ ಅವುಗಳ ಪಾಲು ಕೊಟ್ಟ ಮೇಲೂ ಆಮ್ಲಜನಕ ಮಿಕ್ಕಿತು. ಮಿಕ್ಕಿದ್ದು ನೀರಿನದ್ದೇ ಇರಬೇಕು. ಬಿದ್ದ ಕಾಯದ ತೂಕದಲ್ಲಿ ಕಾಲು ಭಾಗ ನೀರು ಎಂದು ಲೆಕ್ಕ ಸಿಕ್ಕಿತು. 2025ರ ಸೆಪ್ಟೆಂಬರ್ ಸುದ್ದಿಯ ಡಬ್ಲ್ಯುಡಿ 1647+375ರಲ್ಲೂ ಲೆಕ್ಕದ ದಾರಿ ಇದೇ. ಅಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರು. ಜೊತೆಗೆ ಇಂಥ ಅವಶೇಷಗಳಲ್ಲಿ ಇದುವರೆಗೆ ಎಲ್ಲೂ ಕಾಣದಷ್ಟು ಸಾರಜನಕ. ಪ್ಲೂಟೊ ನೆಲದ ಮೇಲೆ ಸಾರಜನಕದ ಮಂಜು ಹರಡಿರುವುದನ್ನು 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ತೋರಿಸಿತ್ತು. ಪ್ಲೂಟೊ ಹೆಸರು ಸುದ್ದಿಗೆ ಬಂದದ್ದು ಹಾಗೆ. ಅಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋ ಸಾಮಾನು ಸುರಿಯುತ್ತಿದೆ. ಹತ್ತು ಟನ್ನಿನ ಇಪ್ಪತ್ತು ಲಾರಿ ಲೋಡು, ಪ್ರತಿ ಸೆಕೆಂಡಿಗೆ.

ಹಬಲ್ ದೂರದರ್ಶಕದ ಅತಿನೇರಳೆ ಬೆಳಕಿನಿಂದ ನಡೆದ ಈ ಅಧ್ಯಯನದ ಮುಂದಾಳು ಸ್ನೇಹಲತಾ ಸಾಹು. ಈಗ ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದಲ್ಲಿರುವ ಅವರು ಮುಂಚೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನಲ್ಲಿದ್ದವರು. ಆಗ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಬಳಸಿ, ಒಂದು ನಕ್ಷತ್ರದ ಬೆಳಕಿನಲ್ಲಿ ಮುಚ್ಚಿಹೋಗಿದ್ದ ಬಿಳಿ ಕುಬ್ಜವನ್ನು ಪತ್ತೆಹಚ್ಚಿದ ತಂಡದಲ್ಲಿದ್ದರು.

ಆದರೆ ಕಸದ ಬುಟ್ಟಿ ನೋಡಿ ನಿನ್ನೆ ರಾತ್ರಿ ಏನಡುಗೆ ಅಂತ ಹೇಳುವಾಗ ಎಡವುವುದು ಸುಲಭ. ಮತ್ತೆ ಆ ಬಿಂದಿಗೆಯನ್ನು ನೆನೆಯಿರಿ. ಮರಳು ಬೇಗ ಇಳಿಯುತ್ತದೆ, ಮಣ್ಣು ತಡವಾಗಿ. ಬಿಳಿ ಕುಬ್ಜದಲ್ಲೂ ಕಬ್ಬಿಣ ಬೇಗ ಮುಳುಗುತ್ತದೆ, ಮೆಗ್ನೀಸಿಯಂ ನಿಧಾನ. ಸುರಿತ ನಿಂತು ಬಹಳ ಕಾಲವಾದ ಮೇಲೆ ನೋಡಿದರೆ ಮೆಗ್ನೀಸಿಯಂ ಜಾಸ್ತಿ ಉಳಿದಿರುತ್ತದೆ. ಬಿದ್ದ ಬಂಡೆಯಲ್ಲೇ ಕಬ್ಬಿಣ ಕಡಿಮೆ ಇತ್ತು ಅಂತ ನಾವು ಮೋಸಹೋಗಬಹುದು. 2021ರಲ್ಲಿ 23 ಕುಬ್ಜಗಳನ್ನು ನೋಡಿದ ಒಂದು ಅಧ್ಯಯನ, ಇಲ್ಲಿ ಬಿದ್ದ ಕೆಲವು ಬಂಡೆಗಳಿಗೆ ನಮ್ಮ ಸೌರಮಂಡಲದಲ್ಲಿ ಹೋಲಿಕೆಯೇ ಇಲ್ಲ ಎಂದು ಹೇಳಿ ಅವಕ್ಕೆ ಹೊಸ ಹೆಸರುಗಳನ್ನೇ ಕಟ್ಟಿತು. ಬೇರೆ ತಂಡದವರು ಇದನ್ನು ಒಪ್ಪಲಿಲ್ಲ. ಅಳತೆಯ ತಪ್ಪು, ಮುಳುಗುವ ವೇಗದ ವ್ಯತ್ಯಾಸ ಎಲ್ಲ ಸೇರಿಸಿದರೆ ಹೆಚ್ಚಿನವು ನಮ್ಮಲ್ಲಿ ಬೀಳುವ ಸಾಧಾರಣ ಉಲ್ಕಾಶಿಲೆಗಳಂತೆಯೇ ಇವೆ ಎಂಬುದು ಅವರ ವಾದ. ಸದ್ಯಕ್ಕೆ ಎರಡನೆಯ ಗುಂಪಿನ ಮಾತು ಹೆಚ್ಚು ಎಚ್ಚರದ್ದು ಅನಿಸುತ್ತದೆ. 'ವಿಚಿತ್ರ ಗ್ರಹ ಪತ್ತೆ' ಎಂಬ ತಲೆಬರಹ ಕಂಡಾಗ ಸುರಿತ ಯಾವ ಹಂತದಲ್ಲಿದೆ ಎಂಬ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಸರದಿ, ಮತ್ತು ಮುಂದಿನ ಹುಡುಕಾಟ

ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯನೂ ಊದಿಕೊಳ್ಳುತ್ತಾನೆ. ಬುಧ ಮತ್ತು ಶುಕ್ರ ಒಳಗೆ ಹೋಗುತ್ತವೆ. ಭೂಮಿಯ ವಿಷಯದಲ್ಲಿ ಲೆಕ್ಕ ಹಾಕುವವರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಮಂಗಳ, ಗುರು, ಶನಿ ಉಳಿದು ದೂರ ಸರಿಯುತ್ತವೆ. ಆ ಹೊತ್ತಿನ ಸೂರ್ಯನ ಬೆಳಕು ಈಗಿನದರ ಸಾವಿರಾರು ಪಟ್ಟು. ಅದರ ಒತ್ತಡಕ್ಕೆ ಚಿಕ್ಕ ಕ್ಷುದ್ರಗ್ರಹಗಳು ಬುಗುರಿಯಂತೆ ಗಿರಗಿರ ತಿರುಗಿ ತಾವೇ ಚೂರಾಗುತ್ತವೆ. ನೂರು ಮೀಟರಿನಿಂದ ಹತ್ತು ಕಿಲೋಮೀಟರಿನವರೆಗಿನ ಎಷ್ಟೋ ಬಂಡೆಗಳಿಗೆ ಈ ಗತಿ. ಸೀರೀಸ್, ವೆಸ್ಟಾದಂಥ ದೊಡ್ಡವು ಉಳಿಯುತ್ತವೆ. ಆಮೇಲೆ ಗುರು ತನ್ನ ಹಳೆಯ ಕೆಲಸ ಮುಂದುವರಿಸುತ್ತದೆ. ಆ ಕಾಲಕ್ಕೆ ಎಲ್ಲಾದರೂ ಯಾರಾದರೂ ದೂರದರ್ಶಕ ಹಿಡಿದು ಕೂತಿದ್ದರೆ ನಮ್ಮ ಸೂರ್ಯನ ರೋಹಿತದಲ್ಲೂ ಕ್ಯಾಲ್ಸಿಯಂ ಗೆರೆ ಕಂಡೀತು.

ಅದಕ್ಕಿಂತ ಹತ್ತಿರದ ದಿನಾಂಕವೊಂದು ಇದೆ. ನಕ್ಷತ್ರಗಳ ಸ್ಥಾನವನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದಿರುವ ಯುರೋಪಿನ ಗಾಯಾ ನೌಕೆಯ ಮುಂದಿನ ಮಾಹಿತಿ ಕಂತು 2026ರ ಡಿಸೆಂಬರ್‌ಗೆ ನಿಗದಿಯಾಗಿದೆ. ದೊಡ್ಡ ಗ್ರಹವೊಂದು ಸುತ್ತುತ್ತಿದ್ದರೆ ಕುಬ್ಜ ಅದರ ಎಳೆತಕ್ಕೆ ಇಷ್ಟೇ ಇಷ್ಟು ತೊನೆಯುತ್ತದೆ. ಆ ತೊನೆತವನ್ನು ಹಿಡಿಯಬಹುದು. ಕೊಳೆಯಾದ ಕುಬ್ಜಗಳಲ್ಲಿ ತೊನೆತ ಜಾಸ್ತಿ, ಶುಭ್ರವಾದವುಗಳಲ್ಲಿ ಕಡಿಮೆ ಅಂತ ಕಂಡರೆ ಕಲ್ಲೆಸೆಯುವವರು ದೈತ್ಯ ಗ್ರಹಗಳೇ ಎಂಬ ವಾದ ಗಟ್ಟಿಯಾಗುತ್ತದೆ. ಎರಡರಲ್ಲೂ ಒಂದೇ ಥರ ಕಂಡರೆ, ಗಾಯಾದ ಕಣ್ಣಿಗೂ ಬೀಳದ ಚಿಕ್ಕ ಗ್ರಹಗಳ ಕಡೆಗೆ ಅನುಮಾನ ತಿರುಗುತ್ತದೆ.

1917ರ ಫಲಕದ ಮೇಲಿದ್ದ ವಾನ್ ಮಾನೆನ್ ನಕ್ಷತ್ರದ ವಿಷಯಕ್ಕೆ ಬಂದರೆ, ಅದು ನಮಗೆ ಅತಿ ಹತ್ತಿರದ ಒಂಟಿ ಬಿಳಿ ಕುಬ್ಜ. ಅದರ ಸುತ್ತ ಧೂಳಿನ ತಟ್ಟೆ ಹುಡುಕಿದ್ದಾರೆ, ಸಿಕ್ಕಿಲ್ಲ. ಗ್ರಹ ಹುಡುಕಿದ್ದಾರೆ, ಅದೂ ಸಿಕ್ಕಿಲ್ಲ. ಕ್ಯಾಲ್ಸಿಯಂ ಮಾತ್ರ ಅಲ್ಲೇ ಇದೆ.